ಹಳದಿಯ ಹೊಳಪಿಗೆ ಲೆಕ್ಕ ಕೇಳುವವರು ಯಾರು?

ಸಾನಪಾಡಾದಲ್ಲಿ ಮನೆ ಮಾಡಿದವರಿಗೆ ಎರಡು ವಾಸನೆಗಳ ಪರಿಚಯ ಬೇಗ ಆಗುತ್ತದೆ. ಒಂದು, ಪಕ್ಕದ ವಾಶಿ ಎಪಿಎಂಸಿಯ ಮಸಾಲೆ ಮಾರುಕಟ್ಟೆಯ ಕಡೆಯಿಂದ ಬರುವ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಶಿನದ ಘಾಟು. ಇನ್ನೊಂದು, ಥಾಣೆ-ಬೇಲಾಪುರ ರಸ್ತೆಗುಂಟ ಇರುವ ಎಂಐಡಿಸಿ ಕಾರ್ಖಾನೆಗಳ ಕಡೆಯಿಂದ ಕೆಲವು ರಾತ್ರಿ ಬೀಸಿಬರುವ ರಾಸಾಯನಿಕದ ವಾಸನೆ. ಎರಡನೆಯದು ಬಂದರೆ ಕಿಟಕಿ ಮುಚ್ಚುತ್ತೇವೆ, ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರು ಹಾಕುತ್ತೇವೆ. ಮೊದಲನೆಯದನ್ನು ಚೀಲ ಹಿಡಿದು ಹೋಗಿ ಮನೆಗೆ ತರುತ್ತೇವೆ. ಇವೆರಡೂ ಬೇರೆ ಬೇರೆ ಲೋಕ ಎಂದು ನಮ್ಮ ನಂಬಿಕೆ. ಆದರೆ ಕಾರ್ಖಾನೆಯ ಬಣ್ಣ ಅಡುಗೆಮನೆಯ ಡಬ್ಬಿಗೆ ಬರುವ ದಾರಿ ನಾವು ಅಂದುಕೊಂಡಷ್ಟು ಉದ್ದವಿಲ್ಲ.

ನಮ್ಮ ಈ ಭಾಗದಲ್ಲಿ ರಾಸಾಯನಿಕ ಎಂದರೆ ಮೊದಲು ನೆನಪಾಗುವುದು ಡೊಂಬಿವಲಿ. 2016ರ ಮೇ ತಿಂಗಳಲ್ಲಿ ಒಂದು ಸ್ಫೋಟ, 2024ರ ಮೇ 23ರಂದು ಇನ್ನೊಂದು. ಎರಡರಲ್ಲೂ ಹತ್ತಕ್ಕಿಂತ ಹೆಚ್ಚು ಜನ ಸತ್ತರು. 2020ರ ಫೆಬ್ರವರಿಯಲ್ಲಿ ಅಲ್ಲಿನ ಕೈಗಾರಿಕಾ ಪ್ರದೇಶದ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿ, ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಬಂದು ನೋಡಿ ಹೋದರು. ಸ್ಫೋಟ ಸುದ್ದಿಯಾಗುತ್ತದೆ, ಗುಲಾಬಿ ರಸ್ತೆಯೂ ಸುದ್ದಿಯಾಗುತ್ತದೆ. ಗೋಡೆಯ ಬಣ್ಣದಲ್ಲಿ, ಮಗುವಿನ ಆಟಿಕೆಯಲ್ಲಿ, ಸಾರಿನ ಅರಿಶಿನದಲ್ಲಿ ಸದ್ದಿಲ್ಲದೆ ಮನೆಗೆ ಬರುವ ರಾಸಾಯನಿಕ ಸುದ್ದಿಯಾಗುವುದಿಲ್ಲ. ಅದನ್ನು ತಡೆಯುವುದನ್ನೇ ವೃತ್ತಿ ಮಾಡಿಕೊಂಡವರೂ ಸುದ್ದಿಯಾಗುವುದಿಲ್ಲ.

ಆ ವೃತ್ತಿಯ ಅಂಚಿನಲ್ಲಿ ನಾನೂ ಇದ್ದೇನೆ. ಮಹಾಪೆಯಲ್ಲಿರುವ ನಮ್ಮ ಕಚೇರಿಯಲ್ಲಿ ತಯಾರಕರಿಗೆ ಬೇಕಾದ ಒಂದು ತಂತ್ರಾಂಶ ಬರೆಯುತ್ತೇವೆ. ಒಂದು ವಸ್ತುವಿನಲ್ಲಿ ಯಾವ ಯಾವ ರಾಸಾಯನಿಕ ಎಷ್ಟೆಷ್ಟು ಇದೆ, ಅದು ಯಾವ ದೇಶದ ಯಾವ ನಿಯಮದ ಮಿತಿಯೊಳಗಿದೆ ಎಂದು ಅದು ಲೆಕ್ಕ ಹಾಕಿ ಹೇಳುತ್ತದೆ. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ನಾನು ಓದಿದ್ದು ಕಂಪ್ಯೂಟರ್ ವಿಜ್ಞಾನದಲ್ಲಿ ಎಂಟೆಕ್. ಆದರೆ ಇಷ್ಟು ವರ್ಷ ಈ ಪಟ್ಟಿಗಳ ನಡುವೆ ಕೆಲಸ ಮಾಡಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರುವುದಿಲ್ಲ. ಯುರೋಪಿಗೆ ಹೋಗುವ ಸರಕಿಗೆ ಎಲ್ಲ ಕಾಲಂ ತುಂಬಿರುತ್ತದೆ. ಊರೊಳಗೇ ಮಾರುವ ಸರಕಿಗೆ ಅರ್ಧ ಕಾಲಂ ಖಾಲಿ. ಕೇಳುವವರಿದ್ದರೆ ಉತ್ತರ ಹುಟ್ಟುತ್ತದೆ, ಇಲ್ಲದಿದ್ದರೆ ಇಲ್ಲ.

ಬೆಂಗಳೂರಿನಲ್ಲಿ ಶುರುವಾದ ಪ್ರಶ್ನೆ

ನಮ್ಮ ದೇಶದಲ್ಲಿ ಹಾಗೆ ಹಟ ಹಿಡಿದು ಕೇಳಿದ ಒಂದು ದೊಡ್ಡ ಪ್ರಶ್ನೆ ಕರ್ನಾಟಕದಿಂದಲೇ ಬಂತು ಎಂಬುದು ಹೊರನಾಡಿನ ನಮಗೆ ನೆನಪಿರಬೇಕು. ಅದು ಸೀಸದ ಪ್ರಶ್ನೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ‘ಪ್ರಾಜೆಕ್ಟ್ ಲೆಡ್ ಫ್ರೀ’ ಎಂಬ ಹೆಸರಿನಲ್ಲಿ ಬೆಂಗಳೂರು, ಮುಂಬೈ ಸೇರಿ ಹಲವು ನಗರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿಸಿತು. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸ ಇತ್ತು. ಇದರ ಹಿಂದಿದ್ದವರಲ್ಲಿ ಒಬ್ಬರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್. ಮುಂದೆ ಅವರನ್ನು ‘ಭಾರತದ ಸೀಸದ ಮನುಷ್ಯ’ ಎಂದೇ ಜನ ಕರೆದರು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಈ ವಿಷಯವಾಗಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ದೇಶದ ಬಂಕುಗಳಿಂದ ಹೊರಗೆ ಹೋಯಿತು.

ಸೀಸ ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಕಲಿಕೆ, ಗಮನ, ನಡವಳಿಕೆ ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ. ಹಾಗೆ ಆದ ನಷ್ಟವನ್ನು ಯಾವ ಟ್ಯೂಶನ್ನೂ ತುಂಬಿಕೊಡುವುದಿಲ್ಲ. ದೊಡ್ಡವರು ನುಂಗಿದ ಸೀಸಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಪ್ರಮಾಣವನ್ನು ಮಕ್ಕಳ ದೇಹ ಹೀರಿಕೊಳ್ಳಬಲ್ಲದು. ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಚ್ಚರಿಕೆಯ ಗೆರೆಯೇ ಕೆಳಗಿಳಿಯುತ್ತ ಬಂದಿದೆ: ಅಮೆರಿಕದಲ್ಲಿ 1991ರಲ್ಲಿ 10 ಇದ್ದದ್ದು 2012ರಲ್ಲಿ 5 ಆಯಿತು, 2021ರಲ್ಲಿ 3.5. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆ 2020ರಲ್ಲಿ ಹೊರತಂದ ವರದಿ, 5ರ ಗೆರೆ ದಾಟಿದ ಮಕ್ಕಳು ಭಾರತದಲ್ಲಿ ಸುಮಾರು 27.5 ಕೋಟಿ ಎಂದು ಅಂದಾಜು ಮಾಡಿತು. ಪೆಟ್ರೋಲಿನ ಸೀಸ ಹೋಗಿ 20 ವರ್ಷ ಆದ ಮೇಲಿನ ಮಾತು ಇದು. ಅಂದರೆ ಒಂದು ಬಾಗಿಲು ಮುಚ್ಚಿದ ಮೇಲೂ ಬೇರೆ ಬಾಗಿಲುಗಳು ತೆರೆದೇ ಇವೆ: ಬ್ಯಾಟರಿ ಕರಗಿಸುವ ಗುಡಿಸಲು ಕುಲುಮೆ, ಹಳೆಯ ಪೇಂಟು, ಕೆಲವು ಪಾತ್ರೆ, ಕೆಲವು ಮಸಾಲೆ.

ಡಬ್ಬಿಯ ಮೇಲಿನ 90

ಮನೆಗೆ ಬಣ್ಣ ಹೊಡೆಸುವಾಗ ಪೇಂಟಿನ ಡಬ್ಬಿಯನ್ನು ತಿರುಗಿಸಿ ನೋಡಿದರೆ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಸಣ್ಣ ಅಕ್ಷರದ ಸಾಲು ಕಾಣಬೇಕು. ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ ಎಂದು ಅರ್ಥ. ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ಈ ನಿಯಮ 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕೆ ಮೊದಲು ಬಿಐಎಸ್ ಮಾನದಂಡ ಇತ್ತು, ಆದರೆ ಪಾಲಿಸಲೇಬೇಕು ಎಂದಿರಲಿಲ್ಲ. ದೆಹಲಿಯ ಟಾಕ್ಸಿಕ್ಸ್ ಲಿಂಕ್‌ನಂಥ ಸಂಸ್ಥೆಗಳು ಅಂಗಡಿಯಿಂದ ಡಬ್ಬಿ ಕೊಂಡು, ಲ್ಯಾಬಿಗೆ ಕೊಟ್ಟು, ಅಂಕಿ ಬಯಲು ಮಾಡುತ್ತ ವರ್ಷಗಟ್ಟಲೆ ಬೆನ್ನುಬಿದ್ದ ಫಲ ಇದು.

ಸಂಖ್ಯೆ ಬರೆದ ಮಾತ್ರಕ್ಕೆ ಸೀಸ ಹೋಗುವುದಿಲ್ಲ. ಹಳದಿ ಬಣ್ಣಕ್ಕೆ ಲೆಡ್ ಕ್ರೋಮೇಟ್ ಬಲು ಅನುಕೂಲದ ಪುಡಿ. ಅಗ್ಗ, ಕಣ್ಣಿಗೆ ಹೊಡೆಯುವ ಬಣ್ಣ, ಬಿಸಿಲಿಗೆ ಜಗ್ಗುವುದಿಲ್ಲ, ಒಂದೇ ಕೋಟಿಗೆ ಗೋಡೆ ಮುಚ್ಚುತ್ತದೆ. ಅದನ್ನು ತೆಗೆದರೆ ಅದರ ಜಾಗಕ್ಕೆ ಏನು ಹಾಕುವುದು? ಸಾವಯವ ಹಳದಿ ವರ್ಣಕಗಳಿವೆ, ಬಿಸ್ಮತ್ ವನಡೇಟ್ ಇದೆ. ಒಂದು ಗೋಡೆ ಸರಿಯಾಗಿ ಮುಚ್ಚುವುದಿಲ್ಲ, ಇನ್ನೊಂದು ದುಬಾರಿ. ಎನಾಮಲ್ ಪೇಂಟು ಬೇಗ ಒಣಗಲು ಸೀಸದ ಸಂಯುಕ್ತ ಹಾಕುತ್ತಿದ್ದರು. ಅದರ ಬದಲು ಕೋಬಾಲ್ಟ್, ಜಿರ್ಕೋನಿಯಂ, ಕ್ಯಾಲ್ಸಿಯಂಗಳನ್ನು ಹದವಾಗಿ ಬೆರೆಸಬೇಕು. ಹೀಗೆ ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಹತ್ತು ಸಲ ಹೊಡೆದು ಒಣಗಿಸಿ ಕೆರೆದು ನೋಡಿ, ದರ ಕೈಮೀರದಂತೆ ಹೊಂದಿಸುವವರು ಫಾರ್ಮುಲೇಶನ್ ಕೆಮಿಸ್ಟ್‌ಗಳು. ಕೊಂಡ ಪುಡಿಯಲ್ಲೇ ಸೀಸ ಸೇರಿದೆಯೇ ಎಂದು ಪ್ರತಿ ಲೋಡಿಗೂ ಪ್ರಮಾಣಪತ್ರ ಕೇಳುವವರು ಖರೀದಿ ವಿಭಾಗದವರು. ನಿಷೇಧ ಅಂತ ಪತ್ರಿಕೆಯಲ್ಲಿ ಒಂದು ಪದ ಬರುತ್ತದಲ್ಲ, ಅದರ ಹಿಂದೆ ಇಷ್ಟು ಜನರ ಇಷ್ಟು ದಿನದ ಕೆಲಸ ಇರುತ್ತದೆ.

ಈ ನಿಯಮಕ್ಕೆ ಒಂದು ದೊಡ್ಡ ಸಂದು ಇದೆ. ಅದು ಅನ್ವಯಿಸುವುದು ಮನೆಯ ಮತ್ತು ಅಲಂಕಾರದ ಬಣ್ಣಗಳಿಗೆ. ಕೈಗಾರಿಕೆಯ ಬಣ್ಣಗಳು ಅದರ ಹೊರಗೆ. ಅಂಗಡಿಯಲ್ಲಿ ಎರಡೂ ಬಗೆಯ ಡಬ್ಬಿ ಸಿಗುವಾಗ, ಗೇಟಿಗೋ ಗ್ರಿಲ್ಲಿಗೋ ಆಟದ ಮೈದಾನದ ಜಾರುಬಂಡಿಗೋ ಯಾವುದನ್ನು ಹೊಡೆದರು ಎಂದು ನೋಡುವವರಿಲ್ಲ.

ನ್ಯಾಯಾಲಯದಲ್ಲಿ ನಿಲ್ಲುವ ಪರೀಕ್ಷೆ

ಮಿತಿ ಇದ್ದರೆ ಸಾಲದು, ಮೀರಿದ್ದನ್ನು ಸಾಬೀತು ಮಾಡಲು ಬರಬೇಕು. ಇದಕ್ಕೆ ಬಾಂಬೆ ಹೈಕೋರ್ಟಿನ ಎರಡು ಪ್ರಕರಣ ನೋಡಿದರೆ ಸಾಕು.

2015ರ ಜೂನ್‌ನಲ್ಲಿ ಸೀಸ ಹೆಚ್ಚಿದೆ ಎಂದು ಮ್ಯಾಗಿ ನೂಡಲ್ಸನ್ನು ಎಫ್‌ಎಸ್‌ಎಸ್‌ಎಐ ದೇಶಾದ್ಯಂತ ನಿಷೇಧಿಸಿತು. ಆಗಸ್ಟ್ 13ರಂದು ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಪರೀಕ್ಷೆ ನಡೆದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ, ಕಂಪನಿಯ ವಾದವನ್ನು ಸರಿಯಾಗಿ ಕೇಳಿರಲಿಲ್ಲ ಎಂಬುದು ಕಾರಣ. ಮಾನ್ಯತೆ ಇದ್ದ ಮೂರು ಲ್ಯಾಬುಗಳಲ್ಲಿ ಮರುಪರೀಕ್ಷೆಗೆ ಆದೇಶವಾಯಿತು. ಅಲ್ಲಿ ಸೀಸ ಮಿತಿಯೊಳಗೇ ಇತ್ತು, ಮ್ಯಾಗಿ ಅಂಗಡಿಗೆ ಮರಳಿತು.

ಇನ್ನೊಂದು ನಮ್ಮ ಮುಲುಂಡಿನದು. ಜಾನ್ಸನ್ ಅಂಡ್ ಜಾನ್ಸನ್ ಬೇಬಿ ಪೌಡರಿನ ಪಿಎಚ್ ಮಟ್ಟ ಮಾನದಂಡಕ್ಕಿಂತ ಹೆಚ್ಚಿದೆ ಎಂದು ಮಹಾರಾಷ್ಟ್ರ ಎಫ್‌ಡಿಎ 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕಾರ್ಖಾನೆಯ ಪರವಾನಗಿ ರದ್ದು ಮಾಡಿತು. ಆದರೆ ಪುಣೆ, ನಾಸಿಕ್‌ಗಳಿಂದ ಆ ಮಾದರಿ ತೆಗೆದದ್ದು 2018ರಲ್ಲಿ. 2023ರ ಜನವರಿಯಲ್ಲಿ ಹೈಕೋರ್ಟ್ ಆ ಆದೇಶವನ್ನೂ ತಳ್ಳಿಹಾಕಿತು. ನ್ಯಾಯಾಲಯ ತರಿಸಿದ ಹೊಸ ಮಾದರಿಗಳು ಪಾಸಾಗಿದ್ದವು, ಹಳೆಯ ಮಾದರಿಯ ಮೇಲೆ ಇಷ್ಟು ತಡವಾಗಿ ಕೈಗೊಂಡ ಕ್ರಮ ನ್ಯಾಯವಾಗಿ ಕಾಣಲಿಲ್ಲ.

ಇದನ್ನು ಕಂಪನಿ ಗೆದ್ದಿತು, ಸರ್ಕಾರ ಸೋತಿತು ಎಂದು ಓದುವುದು ಸುಲಭ. ನನಗೆ ಕಾಣುವುದು ಬೇರೆ. ಪುಡಿ ನಿಜಕ್ಕೂ ಕೆಟ್ಟದ್ದಾಗಿದ್ದರೆ ನಾಲ್ಕು ವರ್ಷ ಮಕ್ಕಳ ಮೈಗೆ ಅದನ್ನು ಹಚ್ಚಲು ಬಿಟ್ಟ ಹಾಗಾಯಿತು. ಒಳ್ಳೆಯದಾಗಿದ್ದರೆ ಒಂದು ಕಾರ್ಖಾನೆಯನ್ನು ಸುಮ್ಮನೆ ಕಾಡಿದ ಹಾಗಾಯಿತು. ಎರಡೂ ಸಾಧ್ಯತೆಯಲ್ಲಿ ಸೋತದ್ದು ಕೊಳ್ಳುವವರ ನಂಬಿಕೆ. ಸಾಫ್ಟ್‌ವೇರಿನಲ್ಲಿ ನಾವು ಪರೀಕ್ಷೆಯನ್ನು ಬಿಡುಗಡೆಗೆ ಮೊದಲು ಮಾಡುತ್ತೇವೆ, ಪ್ರತಿ ಬದಲಾವಣೆಗೂ ಮಾಡುತ್ತೇವೆ, ಫಲಿತಾಂಶವನ್ನು ತಂಡದವರೆಲ್ಲ ನೋಡುವಂತೆ ಇಡುತ್ತೇವೆ. ಆ್ಯಪಿನ ಒಂದು ಗುಂಡಿಗೆ ಇರುವಷ್ಟು ಶಿಸ್ತು ಮಗುವಿನ ಪೌಡರಿಗೆ ಬೇಡವೇ?

ಕೊಂಬು ಮುರಿದು ನೋಡುವವರು

ಇನ್ನು ಅರಿಶಿನದ ಮಾತು. ನಮ್ಮದು ಗುಂಡ್ಲುಪೇಟೆ ಕಡೆ. ಚಾಮರಾಜನಗರ ಜಿಲ್ಲೆಯಲ್ಲಿ ಅರಿಶಿನ ಮನೆಮಾತು. ಕಿತ್ತ ಗೆಡ್ಡೆಯನ್ನು ಬೇಯಿಸಿ, ಹರವಿ ಒಣಗಿಸಿ, ಡ್ರಮ್ಮಿನಲ್ಲಿ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಎಷ್ಟು ಚೆನ್ನಾಗಿ ಪಾಲಿಶ್ ಮಾಡಿದರೂ ಅದಕ್ಕೆ ಮಣ್ಣು ಬೆರೆತ ಒಂದು ಮಂಕು ಇರುತ್ತದೆ. ನಿಜವಾದ ಬಣ್ಣ ಒಳಗಿರುತ್ತದೆ. ಬಲ್ಲ ವ್ಯಾಪಾರಿ ಕೊಂಬನ್ನು ಮುರಿದು ಒಳಗೆ ನೋಡುತ್ತಾನೆ. ಹೊರಗಷ್ಟೇ ನೋಡುವ ಗಿರಾಕಿಗೆ ಹೊಳೆಯುವ ಕೊಂಬೇ ಒಳ್ಳೆಯದಾಗಿ ಕಾಣುತ್ತದೆ.

ಪೇಂಟಿನಲ್ಲಿದ್ದ ಅದೇ ಲೆಡ್ ಕ್ರೋಮೇಟ್ ಇಲ್ಲಿ ಮತ್ತೆ ಎದುರಾಗುತ್ತದೆ. ಬಾಂಗ್ಲಾದೇಶದಲ್ಲಿ 1980ರ ದಶಕದ ಒಂದು ನೆರೆಯ ನಂತರ ಮಂಕಾದ ಅರಿಶಿನಕ್ಕೆ ಹೊಳಪು ಕೊಡಲು ಈ ಪುಡಿ ಸವರುವುದು ರೂಢಿಗೆ ಬಂತು. ಗರ್ಭಿಣಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚಿದೆ ಎಂದು ಹುಡುಕುತ್ತ ಹೋದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮತ್ತು ಢಾಕಾದ ಸಂಶೋಧಕರು ಕೊನೆಗೆ ತಲುಪಿದ್ದು ಈ ಕೊಂಬಿಗೆ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ 47 ಶೇಕಡಾ ಮಾದರಿಗಳಲ್ಲಿ ಸೀಸ ಕಂಡಿತ್ತು. ಸರ್ಕಾರ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ತೆಗೆದುಕೊಂಡು ಸಗಟು ಮಾರುಕಟ್ಟೆಗೇ ಹೋಯಿತು, ತಪ್ಪು ಮಾಡಿದ ವ್ಯಾಪಾರಿಗಳಿಗೆ ದಂಡ ಹಾಕಿತು, ಊರೂರಿಗೆ ಎಚ್ಚರಿಕೆಯ ಚೀಟಿ ಅಂಟಿಸಿತು. 2021ರಲ್ಲಿ ಆ ಸಂಖ್ಯೆ ಸೊನ್ನೆಗೆ ಇಳಿಯಿತು. ಬಡದೇಶದಿಂದ ಇದೆಲ್ಲ ಆಗದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ನಮ್ಮಲ್ಲಿ ಅರಿಶಿನದ ಸೀಸಕ್ಕೆ ಎಫ್‌ಎಸ್‌ಎಸ್‌ಎಐ ಹಾಕಿದ ಮಿತಿ 10 ಪಿಪಿಎಂ. ಲೆಡ್ ಕ್ರೋಮೇಟ್ ಇರಲೇಬಾರದು. ಆದರೆ ದಕ್ಷಿಣ ಏಷ್ಯಾದ 23 ನಗರಗಳ ಮಾದರಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಟ್ನಾದ ಕೆಲವು ಮಾದರಿಗಳು 1,000 ಪಿಪಿಎಂ ದಾಟಿದ್ದವು. ಹೆಚ್ಚಿನ ನಗರಗಳ ಹೆಚ್ಚಿನ ಮಾದರಿಗಳು ಚೆನ್ನಾಗಿಯೇ ಇದ್ದವು ಎಂಬುದನ್ನೂ ಹೇಳಬೇಕು. ಆದ್ದರಿಂದ ಅರಿಶಿನವನ್ನೇ ಬಿಡಬೇಕಾಗಿಲ್ಲ. ಕಲಬೆರಕೆ ಎಲ್ಲಿ ಆಗುತ್ತದೆ ಎಂದು ಹುಡುಕಬೇಕು. ಅದನ್ನು ಹುಡುಕಲು ವಾಶಿಯಂಥ ಸಗಟು ಮಾರುಕಟ್ಟೆಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸಾವಿರ ಕಿರಾಣಿ ಅಂಗಡಿ ಸುತ್ತುವ ಬದಲು ಸರಕು ಒಂದೆಡೆ ಸೇರುವಲ್ಲಿ ಯಂತ್ರ ಹಿಡಿದು ನಿಂತರೆ ಸಾಕು.

ಇದರಲ್ಲಿ ರೈತನ ಪಾಲೂ ಇದೆ. ಮಣ್ಣಿನ ಮಂಕು ಇರುವ ನಿಜವಾದ ಅರಿಶಿನ, ಬಣ್ಣ ಸವರಿದ ಅರಿಶಿನದ ಮುಂದೆ ದರ ಕಳೆದುಕೊಳ್ಳುತ್ತದೆ. ಕಲಬೆರಕೆಯನ್ನು ತಡೆಯದ ಮಾರುಕಟ್ಟೆ ಪ್ರಾಮಾಣಿಕನಿಗೆ ದಂಡ ಹಾಕುವ ಮಾರುಕಟ್ಟೆ.

ನಿಷೇಧದಿಂದಾಚೆಗೆ

ಊರಿನಲ್ಲಿ ಗೋಬಿಯ ಗಲಾಟೆ ನಿಮಗೆ ನೆನಪಿರಬಹುದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ 171 ಗೋಬಿ ಮಂಚೂರಿ ಮಾದರಿಗಳನ್ನು ಪರೀಕ್ಷಿಸಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡು, ಅಂಥ ಬಣ್ಣಗಳನ್ನು ನಿಷೇಧಿಸಿತು. ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಜೂನ್‌ನಲ್ಲಿ ಕಬಾಬಿನ ಸರದಿ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರ ಈ ಕ್ರಮ ಸರಿಯಾದದ್ದೇ, ಅಂಕಿಗಳನ್ನು ಬಹಿರಂಗವಾಗಿ ಹೇಳಿದ್ದು ಇನ್ನೂ ಒಳ್ಳೆಯದು. ಆದರೆ ಗಾಡಿಯವನಿಗೆ ಆ ಪುಡಿ ಮಾರಿದವರು ಯಾರು, ಅವರಿಗೆ ಕೊಟ್ಟವರು ಯಾರು ಎಂಬ ಸರಪಳಿ ಹಿಡಿದು ಮೇಲೆ ಹೋಗದಿದ್ದರೆ ದಂಡ ಕಟ್ಟುವವನು ಕೊನೆಯ ಬಡವ ಮಾತ್ರ.

ಚನ್ನಪಟ್ಟಣದ ಗೊಂಬೆಗಳಲ್ಲಿ ಇದರ ಇನ್ನೊಂದು ಮುಖ ಇದೆ. ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಿಗರಿಗೆ ಮತ್ತು ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೆ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣಕ್ಕೆ ಆ ಗುರುತು ಇದೆ. ಸಣ್ಣ ಕುಶಲಕರ್ಮಿ ಪರೀಕ್ಷೆಯ ಖರ್ಚಿನಲ್ಲಿ ಮುಳುಗಬಾರದು ಎಂಬ ಕಾಳಜಿ ನ್ಯಾಯವಾದದ್ದು. ಅರಗಿಗೆ ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣ ಬೆರೆಸಿ ಗೊಂಬೆ ಮಾಡುವವರು ಅಲ್ಲಿದ್ದಾರೆ, ಹೊರದೇಶಕ್ಕೆ ಕಳಿಸುವವರೂ ಇದ್ದಾರೆ. ಆದರೆ ವಿನಾಯಿತಿ ಎಂದರೆ ಸುರಕ್ಷಿತ ಎಂಬ ಪ್ರಮಾಣಪತ್ರವಲ್ಲ. ಅವರಿಗೆ ಬೇಕಾದದ್ದು ಪರೀಕ್ಷೆಯಿಂದ ಬಿಡುಗಡೆಗಿಂತ ಪುಕ್ಕಟೆ ಪರೀಕ್ಷೆ. ಪಟ್ಟಣದಲ್ಲೇ ಒಂದು ಯಂತ್ರ, ಅದನ್ನು ನಡೆಸಬಲ್ಲ ಒಬ್ಬ ತಂತ್ರಜ್ಞ ಇದ್ದರೆ ಸಸ್ಯಬಣ್ಣ ಬಳಸುವವನು ತನ್ನ ಗೊಂಬೆಗೆ ಹೆಚ್ಚು ದರ ಕೇಳಬಹುದು. ಸುರಕ್ಷತೆ ಅವನಿಗೆ ಹೊರೆಯಾಗದೆ ಬಂಡವಾಳವಾಗುತ್ತದೆ.

ಯುರೋಪಿನಲ್ಲಿ 2007ರಿಂದ ‘ರೀಚ್’ ಎಂಬ ಕಾನೂನು ಇದೆ. ಅದರ ತಿರುಳು ಒಂದೇ: ಮಾಹಿತಿ ಇಲ್ಲದಿದ್ದರೆ ಮಾರುಕಟ್ಟೆ ಇಲ್ಲ. ರಾಸಾಯನಿಕ ಸುರಕ್ಷಿತ ಎಂದು ತೋರಿಸುವ ಹೊಣೆ ಮಾರುವವನ ಮೇಲೆ. ನಮ್ಮಲ್ಲಿ ಪೇಂಟಿಗೆ ಒಂದು ನಿಯಮ, ಆಟಿಕೆಗೆ ಒಂದು, ಆಹಾರಕ್ಕೆ ಒಂದು; ಎಲ್ಲ ರಾಸಾಯನಿಕಗಳನ್ನು ಒಂದೇ ಚೌಕಟ್ಟಿಗೆ ತರುವ ನಿಯಮಾವಳಿ ವರ್ಷಗಳಿಂದ ಕರಡಿನಲ್ಲೇ ಇದೆ. ಅದಕ್ಕೇ ನಮ್ಮ ತಂತ್ರಾಂಶದ ಕಾಲಂ ಖಾಲಿ. ಪಟ್ಟಿ ತುಂಬಲು ಬೇಕಾದ ಕೆಮಿಸ್ಟ್‌ಗಳು, ವಿಷಶಾಸ್ತ್ರಜ್ಞರು, ಲ್ಯಾಬುಗಳು ಇದೇ ಥಾಣೆ-ಬೇಲಾಪುರ ಪಟ್ಟಿಯಲ್ಲಿ ಇದ್ದಾರೆ. ಹೊರದೇಶದ ಗಿರಾಕಿಗಾಗಿ ಅವರು ದಿನವೂ ಮಾಡುತ್ತಿರುವ ಕೆಲಸವನ್ನೇ ನಮ್ಮ ಮಕ್ಕಳಿಗಾಗಿಯೂ ಮಾಡಿ ಎಂದು ಕಾನೂನು ಕೇಳಬೇಕಷ್ಟೆ.

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈ ಸಲ ಊರಿನ ಹಳೆಯ ಮನೆಗೆ ಬಣ್ಣ ಹೊಡೆಸಲು ಹಣ ಕಳಿಸುವಾಗ ಒಂದು ಮಾತು ಸೇರಿಸಿ: ಡಬ್ಬಿಯ ಮೇಲೆ 90 ಪಿಪಿಎಂ ಸಾಲು ಇರಲಿ, ಬಾಗಿಲಿಗೂ ಕಿಟಕಿಗೂ ಅದೇ ಬಗೆಯದಿರಲಿ. ಹಳೆಯ ಬಣ್ಣವನ್ನು ಒಣಗಿದ್ದಾಗಲೇ ಸ್ಯಾಂಡ್ ಪೇಪರಿನಿಂದ ಉಜ್ಜುವುದು ಬೇಡ, ನೀರು ಹಚ್ಚಿ ಉಜ್ಜಲಿ. ಆ ದಿನಗಳಲ್ಲಿ ಮಕ್ಕಳೂ ಬಸುರಿಯರೂ ಬೇರೆ ಕಡೆ ಇರಲಿ. ಬಣ್ಣ ಹೊಡೆಯುವ ಹುಡುಗರಿಗೆ ಮುಖಗವಸು ಕೊಡಿ, ಮೊದಲು ಅದನ್ನು ಉಸಿರಾಡುವವರು ಅವರು. ಬಿಡಿ ಅರಿಶಿನ ಪುಡಿಯ ಕಣ್ಣು ಕುಕ್ಕುವ ಹಳದಿಗೆ ಮರುಳಾಗಬೇಡಿ. ಸಾಧ್ಯವಾದರೆ ಕೊಂಬನ್ನು ಊರಿನಿಂದಲೇ ತರಿಸಿ ಬೀಸಿಸಿಕೊಳ್ಳಿ. ಸೊಸೈಟಿಯ ಜಾರುಬಂಡಿಗೆ ಯಾವ ಪೇಂಟ್ ಹೊಡೆಸಿದಿರಿ ಎಂದು ಮುಂದಿನ ಸಭೆಯಲ್ಲಿ ಕೇಳಿ. ಕಾರ್ಯದರ್ಶಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಅವರು ಕಾಂಟ್ರಾಕ್ಟರನ್ನು ಕೇಳುತ್ತಾರೆ, ಕಾಂಟ್ರಾಕ್ಟರ್ ಅಂಗಡಿಯವನನ್ನು ಕೇಳುತ್ತಾನೆ. ಬೆಂಗಳೂರಿನ ಒಬ್ಬ ಪ್ರಾಧ್ಯಾಪಕ ಮತ್ತು ಅವರ ಜೊತೆಗಾರರು ರಕ್ತದ ಮಾದರಿ ಹಿಡಿದು ಕೇಳಿದ ಪ್ರಶ್ನೆ ಪೆಟ್ರೋಲ್ ಬಂಕಿನವರೆಗೆ ಹೋಗಿ ಮುಟ್ಟಿತು. ನಮ್ಮದು ಪೇಂಟಿನ ಅಂಗಡಿಯವರೆಗಾದರೂ ಹೋಗಲಿ.